ಒಲೆಯ ವೈದ್ಯನನ್ನು ಗುರುತಿಸುವುದು ಹೇಗೆ?

"ಕುಕ್ಕರ್ ರಿಪೇರಿ, ಗ್ಯಾಸ್ ಒಲೆ ರಿಪೇರಿ" ಎಂಬ ಕೂಗನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಬೀದಿಗಳಲ್ಲಿ ಕೇಳದವರು ಇರಲಾರರು. ಹಿಂದೆ ಸೈಕಲ್ಲಿನೊಂದಿಗೆ ಬರುತ್ತಿದ್ದ ಈ ಕೂಗು ಈಗ ಗಾಡಿಗೆ ಕಟ್ಟಿದ ಧ್ವನಿವರ್ಧಕದಿಂದ ಹೊರಡುತ್ತದೆ. ಕುಕ್ಕರಿನ ಹಿಡಿಯ ತಿರುಪೊಂದು ಸಡಿಲಗೊಂಡಿದ್ದರೆ ಯಾರನ್ನು ಕರೆದರೂ ದೊಡ್ಡ ಹಾನಿಯೇನೂ ಆಗದು. ಆದರೆ ಅದೇ ಕೈ, ಅದೇ ಸ್ಪ್ಯಾನರು ಅನಿಲದ ಒಲೆಯ ಮೇಲೆ ಆಡತೊಡಗಿದಾಗ ಮನೆಯವರು ತಮ್ಮ ಪ್ರಾಣವನ್ನೇ ಒಬ್ಬ ಅಪರಿಚಿತನ ವಶಕ್ಕೆ ಕೊಟ್ಟಂತಾಗುತ್ತದೆ. ಅವನು ಕೆಲಸ ಬಲ್ಲವನೋ, ಬರಿಯ ಧೈರ್ಯಶಾಲಿಯೋ ಎಂಬುದನ್ನು ತಿಳಿಯುವ ಬಗೆ ಯಾವುದು? ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮನಸ್ಸಿಟ್ಟು ಓದಿದವರಿಗೆ ಈ ಪರೀಕ್ಷೆ ಅಸಾಧ್ಯವಾದುದಲ್ಲ.

ಈ ಮೂರು ಊರುಗಳ ಅಡುಗೆಮನೆಗಳು ಒಂದೆರಡು ತಲೆಮಾರಿನೊಳಗೆ ಬಹಳ ಬದಲಾಗಿವೆ. ತೆಂಗಿನ ಗರಿ, ಕರಟ, ಅಡಕೆಯ ಸಿಪ್ಪೆಗಳು ಇಂದಿಗೂ ಬಚ್ಚಲ ಹಂಡೆಯ ನೀರನ್ನು ಕಾಯಿಸುತ್ತಿವೆಯಾದರೂ ಅಡುಗೆ ನಡೆಯುವುದು ಹೆಚ್ಚಾಗಿ ಅನಿಲದ ಉರಿಯ ಮೇಲೆ. ಇಂಡೇನ್ ಅನಿಲದ ಮೊದಲ ಸಂಪರ್ಕವನ್ನು ಕೊಲ್ಕತ್ತದಲ್ಲಿ ಕೊಟ್ಟದ್ದು 1965ರ ಅಕ್ಟೋಬರ್ 22ರಂದು. ಬಡವರ ಮನೆಗೂ ಸಿಲಿಂಡರನ್ನು ಮುಟ್ಟಿಸುವ ಉಜ್ವಲಾ ಯೋಜನೆ ಆರಂಭವಾದದ್ದು 2016ರ ಮೇ 1ರಂದು. ಈಚೆಗೆ ಕಟ್ಟಿದ ಕೆಲವು ಮನೆಗಳಲ್ಲಿ ಗಾಜಿನ ಮೇಲ್ಮೈಯ ನಾಲ್ಕು ಉರಿಯ ಒಲೆ, ಅದರ ಕೆಳಗೆ ಓವನ್, ಕಡ್ಡಿ ಗೀರದೆ ಹೊತ್ತಿಕೊಳ್ಳುವ ಏರ್ಪಾಡು, ಉರಿ ಆರಿದರೆ ಅನಿಲವನ್ನು ತಾನಾಗಿಯೇ ನಿಲ್ಲಿಸುವ ಕಾವಲು, ಇವೆಲ್ಲ ಕೂಡಿದ ಬೆಲೆಬಾಳುವ ಸಾಧನಗಳೂ ಕಾಣಿಸುತ್ತಿವೆ. ಕೊಳ್ಳುವುದು ಸುಲಭ. ಕೆಟ್ಟಾಗ ಮಾತ್ರ, ತಯಾರಕರಿಂದ ತರಬೇತಿ ಪಡೆದವನು ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಬರಬೇಕಾಗುವುದುಂಟು. ನಾಳೆ ಹಬ್ಬವೆನ್ನುವಾಗ ಅಷ್ಟು ಕಾಯುವ ತಾಳ್ಮೆ ಯಾರಿಗಿದ್ದೀತು? ಬೀದಿಯ ಕೂಗಿಗೆ ಬಾಗಿಲು ತೆರೆಯುತ್ತದೆ.

ಒಲೆಯ ಗುಣವು ಅದನ್ನು ಕಟ್ಟುವವನ, ತಿದ್ದುವವನ ಕೈಯಲ್ಲಿದೆ ಎಂಬ ಮಾತು ಸೌದೆಯ ಒಲೆಗೂ ಸಲ್ಲುತ್ತದೆ. ಪ್ರೊಫೆಸರ್ ಅಮೂಲ್ಯ ಕುಮಾರ್ ರೆಡ್ಡಿಯವರ ನೇತೃತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆ ಕೊಳವೆಯುಳ್ಳ ಒಂದು ಸೌದೆ ಒಲೆಯನ್ನು ರೂಪಿಸಿತು. ಪ್ರಯೋಗಗಳಲ್ಲಿ ಅದರ ದಕ್ಷತೆ ಶೇಕಡಾ 40ರ ಆಸುಪಾಸಿನಲ್ಲಿತ್ತು. ಸೌದೆಯ ಶಾಖದ ಬಹುಪಾಲನ್ನು ಗಾಳಿಗೆ ಚೆಲ್ಲುವ ಹಳೆಯ ಒಲೆಗಳೊಡನೆ ಹೋಲಿಸಿದರೆ ಇದು ದೊಡ್ಡ ಗೆಲವು. ಆದರೆ ಆ ಗೆಲವು ಮಣ್ಣಿನಲ್ಲಿರಲಿಲ್ಲ, ಅಳತೆಯಲ್ಲಿತ್ತು. ಗಾಳಿ ಒಳನುಗ್ಗುವ ಕಿಂಡಿ, ಪಾತ್ರೆಯ ತಳಕ್ಕೂ ಬೆಂಕಿಗೂ ನಡುವಣ ಅಂತರ, ಹೊಗೆಯ ದಾರಿಯ ಅಗಲ, ಇವು ತಪ್ಪಿದರೆ ಹೆಸರು 'ಅಸ್ತ್ರ ಒಲೆ'ಯದಾಗಿದ್ದರೂ ಕೆಲಸ ಹಳೆಯ ಒಲೆಯದೇ. ಆದುದರಿಂದಲೇ ಒಲೆಯ ಜೊತೆಗೆ ಒಲೆ ಕಟ್ಟುವವರನ್ನೂ ತರಬೇತುಗೊಳಿಸಬೇಕಾಯಿತು. ಅನಿಲದ ಒಲೆಯಲ್ಲಿ ಈ ಅಳತೆಗಳು ಅಂಗುಲಗಳಿಂದ ಮಿಲಿಮೀಟರಿನ ಅಂಶಗಳಿಗೆ ಇಳಿಯುತ್ತವೆ.

ಮೊದಲು ಉರಿ ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ನಮ್ಮ ಮನೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ, 14.2 ಕಿಲೋಗ್ರಾಂನಷ್ಟು ಅನಿಲವನ್ನು ಒತ್ತಡದಿಂದ ದ್ರವವಾಗಿಸಿ ತುಂಬಿರುತ್ತಾರೆ. ಒಳಗಣ ಒತ್ತಡ ವಾಯುಮಂಡಲದ ಒತ್ತಡದ ಹಲವು ಪಟ್ಟು. ರೆಗ್ಯುಲೇಟರು ಅದನ್ನು 30 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡಕ್ಕೆ, ಎಂದರೆ ವಾಯುಮಂಡಲದ ಒತ್ತಡದ ಶೇಕಡಾ 3ರಷ್ಟಕ್ಕೆ, ಇಳಿಸಿ ಒಲೆಗೆ ಕಳುಹಿಸುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೂ ಜೆಟ್ ಎಂಬ ಹಿತ್ತಾಳೆಯ ತುಣುಕಿನಲ್ಲಿ ಕೊರೆದ, ಒಂದು ಮಿಲಿಮೀಟರಿಗೂ ಕಿರಿದಾದ ರಂಧ್ರದಿಂದ ಅನಿಲವು ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಗಂಟೆಗೆ 180 ಕಿಲೋಮೀಟರ್! ಕಡೂರನ್ನು ಹಾದುಹೋಗುವ ಯಾವ ರೈಲೂ ಇಷ್ಟು ವೇಗವಾಗಿ ಓಡುವುದಿಲ್ಲ. ಹೀಗೆ ನುಗ್ಗುವ ಧಾರೆಯು ತನ್ನ ಸುತ್ತಣ ಗಾಳಿಯನ್ನು ಸೆಳೆದುಕೊಂಡು ಬರ್ನರಿನ ಕೊಳವೆಯನ್ನು ಹೊಗುತ್ತದೆ. ಒಂದು ಅಳತೆ ಪ್ರೊಪೇನ್ ಪೂರ್ಣವಾಗಿ ಉರಿಯಲು ಸುಮಾರು 24 ಅಳತೆ ಗಾಳಿ ಬೇಕು, ಬ್ಯೂಟೇನಿಗೆ 31. ಇದರಲ್ಲಿ ಒಂದು ಭಾಗ ಮೊದಲೇ ಕೊಳವೆಯಲ್ಲಿ ಬೆರೆಯುತ್ತದೆ, ಉಳಿದುದು ಉರಿಯ ಹೊರಮೈಯಲ್ಲಿ ಸೇರುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀವು ಕಂಡಿರುವ ಬುನ್ಸೆನ್ ದೀಪದ ತತ್ತ್ವವೇ ಇದು.

ಇನ್ನು ನಮ್ಮ ವೈದ್ಯನ ಕಡೆಗೆ ಬರೋಣ. ಬಲ್ಲವನು ಚೀಲದಿಂದ ಸ್ಪ್ಯಾನರನ್ನು ತೆಗೆಯುವ ಮೊದಲು ಮಾತನ್ನು ತೆಗೆಯುತ್ತಾನೆ.

"ಅಕ್ಕಾ, ಉರಿ ಹಳದಿಯಾಗುವುದು ಒಂದು ಬರ್ನರಿನಲ್ಲೋ, ನಾಲ್ಕರಲ್ಲೂ ಹಾಗೆಯೋ?"

"ಎಡಗಡೆಯ ದೊಡ್ಡದರಲ್ಲಿ ಮಾತ್ರ ಕಣಪ್ಪ."

"ಸಿಲಿಂಡರ್ ಹೊಸದು ಹಾಕಿದ ಮೇಲೆ ಶುರುವಾಯಿತೋ, ಮುಂಚೆಯೂ ಇತ್ತೋ?"

ಈ ಎರಡು ಪ್ರಶ್ನೆಗಳಲ್ಲಿ ಅರ್ಧ ಶಾಸ್ತ್ರವಿದೆ. ನಾಲ್ಕು ಉರಿಗಳೂ ಒಟ್ಟಿಗೆ ಕುಂದಿದ್ದರೆ ದೋಷವು ಅವುಗಳಿಗೆಲ್ಲ ಸಮಾನವಾದ ದಾರಿಯಲ್ಲಿರಬೇಕು: ಸಿಲಿಂಡರ್, ರೆಗ್ಯುಲೇಟರ್, ರಬ್ಬರ್ ಪೈಪು. ಒಂದರಲ್ಲಿ ಮಾತ್ರವಾದರೆ ಅದರದೇ ಜೆಟ್, ಅದರದೇ ಕೊಳವೆ, ಅದರದೇ ಬರ್ನರ್. ವಿದ್ಯುನ್ಮಂಡಲದ ದೋಷವನ್ನು ಹುಡುಕುವಾಗ ನಾವು ಮಾಡುವ ತರ್ಕವೂ ಇದೇ ಅಲ್ಲವೆ? ಏನನ್ನೂ ಕೇಳದೆ, ಉರಿಯನ್ನು ಹೊತ್ತಿಸಿ ನೋಡದೆ, ಒಲೆಯನ್ನು ಮಗುಚಿ ಹಾಕಿ ಬಿಚ್ಚತೊಡಗುವವನನ್ನು ಆ ಕ್ಷಣದಲ್ಲೇ ತಡೆಯುವುದು ಲೇಸು.

ಉರಿಯ ಬಣ್ಣವನ್ನು ಅವನು ಹೇಗೆ ಓದುತ್ತಾನೆಂಬುದು ಮುಂದಣ ಪರೀಕ್ಷೆ. ಗಾಳಿ ಸಾಕಷ್ಟು ಬೆರೆತಾಗ ಉರಿಯು ನೀಲಿಯಾಗಿ, ಅಂಚು ಸ್ಪಷ್ಟವಾಗಿ ನಿಲ್ಲುತ್ತದೆ. ಗಾಳಿ ಸಾಲದಿದ್ದರೆ ಇಂಗಾಲದ ಸೂಕ್ಷ್ಮ ಕಣಗಳು ಪೂರ್ತಿ ಉರಿಯದೆ ಕೆಂಡದಂತೆ ಕಾದು ಹಳದಿಯಾಗಿ ಹೊಳೆಯುತ್ತವೆ. ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಮಸಿ ತೊಳೆದರೆ ಹೋದೀತು. ಅದರೊಡನೆ ಹುಟ್ಟಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಂದಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಕಿಟಕಿಗಳನ್ನು ಮುಚ್ಚಿದ ಅಡುಗೆಮನೆಯಲ್ಲಿ ಹಳದಿ ಉರಿಯನ್ನು ತಿಂಗಳುಗಟ್ಟಲೆ ಸಹಿಸುವುದು ಎಷ್ಟು ಅವಿವೇಕವೆಂಬುದು ಇದರಿಂದ ತಿಳಿಯುತ್ತದೆ. ಇಲ್ಲಿ ಒಂದು ಸ್ವಾರಸ್ಯವೂ ಉಂಟು. ಸಾರು ಉಕ್ಕಿ ಬರ್ನರಿನ ಮೇಲೆ ಸುರಿದಿದ್ದರೆ ಉರಿಯು ಕಿತ್ತಳೆ ಬಣ್ಣದಿಂದ ಮಿಂಚುತ್ತದೆ. ಇದು ಗಾಳಿಯ ಕೊರತೆಯಲ್ಲ, ಉಪ್ಪಿನಲ್ಲಿರುವ ಸೋಡಿಯಮ್ಮಿನ ಕೆಲಸ. 589 ನ್ಯಾನೋಮೀಟರ್ ತರಂಗದೂರದ ಆ ಹಳದಿ ಬೆಳಕನ್ನು ನೀವು ರೋಹಿತದ ಪಾಠದಲ್ಲಿ ಕಂಡಿದ್ದೀರಿ. ಬರ್ನರನ್ನು ತೊಳೆದು ಒಣಗಿಸಿದರೆ ಅದು ಹೋಗುತ್ತದೆ. "ಇದಕ್ಕೆ ರಿಪೇರಿ ಬೇಡ, ತೊಳೆದರೆ ಸಾಕು" ಎಂದು ಹೇಳಿ ಬರಿಗೈಯಲ್ಲಿ ಹಿಂದಿರುಗುವ ಮೆಕ್ಯಾನಿಕ್ ನಿಮಗೆ ದೊರೆತರೆ ಅವನ ದೂರವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆಯೇ ಬರೆದಿಟ್ಟುಕೊಳ್ಳಿ.

ಕಟ್ಟಿಕೊಂಡ ಜೆಟ್ಟಿಗೆ ಸೂಜಿಯನ್ನೋ ತಂತಿಯನ್ನೋ ಚುಚ್ಚಿ ತಿರುವುವುದು ಬೀದಿ ರಿಪೇರಿಯ ಸಾಮಾನ್ಯ ಕ್ರಮ. ಕೂಡಲೆ ಉರಿ ಎತ್ತರವಾಗಿ ಏಳುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ಆದರೆ ಹಿತ್ತಾಳೆ ಮೃದು ಲೋಹ. ರಂಧ್ರದ ವ್ಯಾಸವು ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಅದರ ವಿಸ್ತೀರ್ಣ ಶೇಕಡಾ 21ರಷ್ಟು ಹೆಚ್ಚುತ್ತದೆ. ಹೊರಬರುವ ಅನಿಲವೂ ಅಷ್ಟೇ ಹೆಚ್ಚುತ್ತದೆ. ಸೆಳೆದುಕೊಳ್ಳುವ ಗಾಳಿ ಮಾತ್ರ ಅದಕ್ಕೆ ತಕ್ಕಂತೆ ಏರುವುದಿಲ್ಲ. ಎತ್ತರದ ಉರಿ ಕೆಲವು ದಿನಗಳಲ್ಲೇ ಹಳದಿ ಉರಿಯೆಂದು ತಿಳಿದುಬರುತ್ತದೆ, ಸಿಲಿಂಡರೂ ಬೇಗ ಮುಗಿಯುತ್ತದೆ. ತಿಳಿದವನು ಜೆಟ್ಟನ್ನು ಬಿಚ್ಚಿ, ತೊಳೆದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡುತ್ತಾನೆ; ಸವೆದಿದ್ದರೆ ಅದರ ಮೇಲೆ ಕೊರೆದಿರುವ ಸಂಖ್ಯೆಯನ್ನು ಓದಿ ಅದೇ ಅಳತೆಯ ಹೊಸದನ್ನು ಹಾಕುತ್ತಾನೆ.

ಇದೇ ಸಂಖ್ಯೆಯ ವಿಚಾರದಲ್ಲಿ ಬೆಂಗಳೂರಿನಿಂದ ಊರಿಗೆ ಮರಳುವ ಕುಟುಂಬಗಳು ವಿಶೇಷ ಎಚ್ಚರ ವಹಿಸಬೇಕು. ಅಲ್ಲಿನ ಹಲವು ಬಡಾವಣೆಗಳಲ್ಲಿ ಮನೆಗೆ ಬರುವುದು ನೆಲದೊಳಗಣ ಕೊಳವೆಯ ನೈಸರ್ಗಿಕ ಅನಿಲ, ಎಂದರೆ ಬಹುಪಾಲು ಮೀಥೇನ್. ಸಮಾನ ಗಾತ್ರದ ಸಿಲಿಂಡರ್ ಅನಿಲ ಕೊಡುವ ಶಾಖದ ಅರ್ಧವನ್ನೂ ಅದು ಕೊಡಲಾರದು. ಆದುದರಿಂದ ಅದಕ್ಕೆ ಹೊಂದಿಸಿದ ಒಲೆಯ ಜೆಟ್ಟುಗಳು ದೊಡ್ಡವು. ಆ ಒಲೆಯನ್ನು ಅಜ್ಜಂಪುರಕ್ಕೆ ತಂದು ಹಾಗೆಯೇ ಸಿಲಿಂಡರಿಗೆ ಜೋಡಿಸಿದರೆ ಉರಿಯು ಪಾತ್ರೆಯನ್ನು ನುಂಗುವಂತೆ ಏಳುತ್ತದೆ. "ಈ ಒಲೆ ಯಾವ ಅನಿಲದ್ದು?" ಎಂದು ಕೇಳದೆ ಪೈಪನ್ನು ಸಿಕ್ಕಿಸುವವನು, ಅವನ ಚೀಲದಲ್ಲಿ ಎಷ್ಟು ಪ್ರಮಾಣಪತ್ರಗಳಿದ್ದರೂ, ಈ ಕೆಲಸಕ್ಕೆ ಯೋಗ್ಯನಲ್ಲ.

ಸೋರಿಕೆಯ ಪರೀಕ್ಷೆಗೆ ಬರೋಣ. ಕೆಲಸ ಮುಗಿದ ಮೇಲೆ ಜೋಡಣೆಗಳ ಬಳಿ ಬೆಂಕಿಕಡ್ಡಿ ಹಿಡಿದು ನೋಡುವವರು ಇನ್ನೂ ಇದ್ದಾರೆ. ಇದಕ್ಕಿಂತ ಭಯಂಕರವಾದ ಪರೀಕ್ಷೆಯನ್ನು ಕಲ್ಪಿಸುವುದು ಕಷ್ಟ. ಲೆಕ್ಕ ಹಾಕಿ ನೋಡಿ. ಮೂರು ಮೀಟರ್ ಉದ್ದ, ಅಗಲ, ಎತ್ತರಗಳುಳ್ಳ ಅಡುಗೆಮನೆಯ ಗಾತ್ರ 27 ಘನಮೀಟರ್. ಗಾಳಿಯಲ್ಲಿ ಈ ಅನಿಲ ಸುಮಾರು ಶೇಕಡಾ 2ರಷ್ಟು ಬೆರೆತರೆ ಸಾಕು, ಕಿಡಿ ತಗುಲಿದೊಡನೆ ಅದು ಸ್ಫೋಟಿಸಬಲ್ಲುದು. 27ರಲ್ಲಿ ಶೇಕಡಾ 2 ಎಂದರೆ ಅರ್ಧ ಘನಮೀಟರಿಗಿಂತ ತುಸು ಹೆಚ್ಚು. ತೂಕದಲ್ಲಿ ಸುಮಾರು 1.2 ಕಿಲೋಗ್ರಾಂ. ತುಂಬಿದ ಸಿಲಿಂಡರಿನ ಹನ್ನೆರಡನೆಯ ಒಂದು ಪಾಲು! ಅದೂ ಸಮವಾಗಿ ಹರಡಿದರೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ ಅನಿಲ ನೀರಿನಂತೆ ನೆಲದ ಮೇಲೆ ಹರಿದು ಮೂಲೆಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಇದಕ್ಕಿಂತ ಬಹಳ ಕಡಮೆ ಅನಿಲವೂ ಅನರ್ಥಕ್ಕೆ ಸಾಕು. ಅನಿಲಕ್ಕೆ ಸಹಜವಾದ ವಾಸನೆ ಇಲ್ಲ; ನಮ್ಮನ್ನು ಎಚ್ಚರಿಸುವ ಆ ದುರ್ವಾಸನೆ ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟನ್ನಿನದು. ಅದು ಮೂಗಿಗೆ ಬಡಿದಾಗ ದೀಪದ ಸ್ವಿಚ್ಚನ್ನು ಒತ್ತಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಬಂದು 1906ಕ್ಕೆ ಕರೆ ಮಾಡಬೇಕು.

ಬಲ್ಲ ಮೆಕ್ಯಾನಿಕ್ ತರುವುದು ಸೋಪಿನ ನೀರು. ಜೋಡಣೆಗೆ ಬಳಿದಾಗ ಗುಳ್ಳೆ ಏಳದಿದ್ದರೆ ಅಲ್ಲಿ ಸೋರಿಕೆಯಿಲ್ಲ. ಇನ್ನೂ ಶಾಸ್ತ್ರೀಯವಾಗಿ ನಡೆಯುವವನು ಯು ಆಕಾರದ ಗಾಜಿನ ನಳಿಗೆಯನ್ನು ಒಲೆಯ ಕೊಳವೆಗೆ ಸೇರಿಸಿ ನೀರಿನ ಮಟ್ಟಗಳ ಅಂತರವನ್ನು ಓದುತ್ತಾನೆ. ಉರಿ ಉರಿಯುವಾಗ ಅದು 30 ಸೆಂಟಿಮೀಟರಿನ ಸಮೀಪದಲ್ಲಿರಬೇಕು. ಒಲೆಯನ್ನೂ ರೆಗ್ಯುಲೇಟರನ್ನೂ ಮುಚ್ಚಿ ಕೆಲವು ನಿಮಿಷ ಬಿಟ್ಟಾಗ ಮಟ್ಟ ಕದಲಬಾರದು. ಕದಲಿದರೆ ಎಲ್ಲಿಯೋ ಸೋರುತ್ತಿದೆ. ನಾಲ್ಕಾಣೆಯ ನಳಿಗೆ, ಹಿಡಿ ನೀರು; ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿಯನ್ನು ನಾನು ಕಾಣೆ.

ನಾಬ್ ಬಿಗಿಯಾಗಿದೆಯೆಂದರೆ ಎಣ್ಣೆ ಹಾಕುವ ಚಾಳಿಯ ಬಗ್ಗೆ ಒಂದು ಮಾತು. ಕಡೂರು ತೆಂಗಿನ ಸೀಮೆ. ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ನಾಬಿನ ಕೆಳಗೆ ಮೊನಚಾದ ಹಿತ್ತಾಳೆಯ ಬೆಣೆಯೊಂದು ತನ್ನ ಗೂಡಿನಲ್ಲಿ ತಿರುಗುತ್ತದೆ. ಎರಡರ ನಡುವಣ ತೆಳುವಾದ ಗ್ರೀಸಿನ ಪದರವೇ ಅನಿಲವನ್ನು ತಡೆಯುವ ಗೋಡೆ. ಶಾಖವನ್ನು ತಾಳುವ ಗ್ರೀಸ್ ಇದಕ್ಕಾಗಿಯೇ ಬೇರೆ ಇದೆ. ಕೊಬ್ಬರಿ ಎಣ್ಣೆ ಮೊದಲ ದಿನ ನುಣ್ಣಗೆ ತಿರುಗಿಸುತ್ತದೆ, ಒಲೆ ಕಾದೊಡನೆ ಹರಿದುಹೋಗುತ್ತದೆ, ಉಳಿಯುವುದು ಸಂದು. ರೆಗ್ಯುಲೇಟರನ್ನು ಬಿಚ್ಚಿ ಸರಿಮಾಡುತ್ತೇನೆನ್ನುವವನ ಮಾತಂತೂ ಎತ್ತಲೇ ಬೇಡ. ಅದು ಬಿಚ್ಚುವ ವಸ್ತುವಲ್ಲ. ಕೆಟ್ಟರೆ ಗ್ಯಾಸ್ ಏಜೆನ್ಸಿಗೆ ಕೊಟ್ಟು ಬೇರೆಯದನ್ನು ಪಡೆಯಬೇಕು.

ಬೆಲೆಬಾಳುವ ಒಲೆಗಳ ನಿಜವಾದ ಸೂಕ್ಷ್ಮವಿರುವುದು ಉರಿಯ ಕಾವಲಿನಲ್ಲಿ. ಎರಡು ಬೇರೆ ಲೋಹಗಳನ್ನು ಬೆಸೆದು ಒಂದು ಸಂಧಿಯನ್ನು ಕಾಯಿಸಿ ಇನ್ನೊಂದನ್ನು ತಂಪಾಗಿಟ್ಟರೆ ವಿದ್ಯುತ್ತು ಹರಿಯುತ್ತದೆಂಬುದನ್ನು ಸೀಬೆಕ್ 1821ರಲ್ಲಿ ಕಂಡುಹಿಡಿದನು. ಉಷ್ಣಯುಗ್ಮವೆಂದು ನಾವು ಪಾಠ ಹೇಳುವ ಈ ಜೋಡಿಯ ತುದಿಯನ್ನು ಬರ್ನರಿನ ಪಕ್ಕದಲ್ಲಿ ನಿಲ್ಲಿಸಿರುತ್ತಾರೆ. ಉರಿ ತಾಗಿದಾಗ ಅದರಲ್ಲಿ ಕೆಲವು ಮಿಲಿವೋಲ್ಟು ಹುಟ್ಟಿ ಪುಟ್ಟ ವಿದ್ಯುತ್ಕಾಂತವೊಂದು ಅನಿಲದ ಕವಾಟವನ್ನು ತೆರೆದು ಹಿಡಿಯುತ್ತದೆ. ಗಾಳಿ ಬೀಸಿಯೋ ಹಾಲು ಉಕ್ಕಿಯೋ ಉರಿ ಆರಿದರೆ ಲೋಹ ತಣಿಯುತ್ತದೆ, ಕಾಂತ ಸಡಿಲುತ್ತದೆ, ಕವಾಟ ಮುಚ್ಚುತ್ತದೆ. ಹೊತ್ತಿಸುವಾಗ ನಾಬನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾದುದು ಇದಕ್ಕಾಗಿಯೇ.

ತರೀಕೆರೆಯ ಪರಿಚಿತರೊಬ್ಬರ ಮನೆಯಲ್ಲಿ ಇಂಥ ಒಲೆಯನ್ನು ನೋಡುವ ಸಂದರ್ಭ ನನಗೊದಗಿತು. ಕೈ ಬಿಟ್ಟೊಡನೆ ಉರಿ ಆರುತ್ತದೆಂದು ಅವರು ಯಾರನ್ನೋ ಕರೆಸಿದ್ದರು. ಬಂದವನು ಹತ್ತು ನಿಮಿಷದಲ್ಲಿ ಸರಿಮಾಡಿ ಹಣ ಪಡೆದು ಹೋಗಿದ್ದ. ಮನೆಯ ಅಜ್ಜಿ ಅವನನ್ನು ಬಹಳ ಹೊಗಳಿದರು: "ಈಗ ಒತ್ತಿ ಹಿಡಿಯೋದೇ ಬೇಡ ನೋಡಪ್ಪ!" ನಾನು ಉರಿಯನ್ನು ಊದಿ ಆರಿಸಿ ಕಾದೆ. ಅನಿಲ ಸುಸ್ಸೆನ್ನುತ್ತಲೇ ಇತ್ತು. ಅರ್ಧ ನಿಮಿಷ, ಒಂದು ನಿಮಿಷ, ನಿಲ್ಲಲಿಲ್ಲ. ನಾಬನ್ನು ಮುಚ್ಚಿ ಕಿಟಕಿಗಳನ್ನು ತೆರೆದೆವು. ಅವನು ಕಾವಲಿನ ಕವಾಟವನ್ನೇ ಶಾಶ್ವತವಾಗಿ ತೆರೆದಿಟ್ಟು ಹೋಗಿದ್ದ. ನಿಜವಾದ ದೋಷ ಉಷ್ಣಯುಗ್ಮದ ತುದಿಗೆ ಹತ್ತಿದ ಕಿಟ್ಟವಾಗಿತ್ತೆಂದು ಆಮೇಲೆ ಬಂದ ತರಬೇತಾದವನು ತೋರಿಸಿದನು. ಅವನು ಮೊದಲು ಮಲ್ಟಿಮೀಟರನ್ನು ಇಟ್ಟು ಮಿಲಿವೋಲ್ಟುಗಳನ್ನು ಅಳೆದನು, ತುದಿಯನ್ನು ಉಜ್ಜಿ ಉರಿಗೆ ಸರಿಯಾಗಿ ತಾಗುವಂತೆ ನಿಲ್ಲಿಸಿದನು, ಮತ್ತೆ ಅಳೆದನು, ಕವಾಟವನ್ನು ಮೊದಲಿನಂತೆ ಮಾಡಿದನು. ಕೊನೆಗೆ ತಾನೇ ಉರಿಯನ್ನು ಆರಿಸಿ, ಕವಾಟ ಬೀಳುವ 'ಟಕ್' ಎಂಬ ಸದ್ದು ಕೇಳುವವರೆಗೆ ಕಿವಿಗೊಟ್ಟು ನಿಂತನು. ಅಜ್ಜಿಗೆ ಈ ಎರಡನೆಯವನು ಅಷ್ಟಾಗಿ ಹಿಡಿಸಲಿಲ್ಲ. ಒತ್ತಿ ಹಿಡಿಯುವ ಕೆಲಸ ಮತ್ತೆ ಬಂದಿತ್ತಲ್ಲ!

ಯಾವ ದೋಷಕ್ಕೆ ಯಾರನ್ನು ಕರೆಯಬೇಕೆಂಬುದನ್ನೂ ಹೇಳಬೇಕು. ಸಿಲಿಂಡರ್, ರೆಗ್ಯುಲೇಟರ್, ಪೈಪುಗಳಿಗೆ ನಿಮ್ಮ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಹೊಣೆ. ಅವನ ಬಳಿ ಏಜೆನ್ಸಿಯ ಗುರುತಿನ ಚೀಟಿ ಇರಬೇಕು. ಗಾಜಿನ ಒಲೆ, ಓವನ್, ಉರಿಯ ಕಾವಲು ಇವುಗಳಿಗೆ ತಯಾರಕರು ಒಪ್ಪಿದ ಸೇವಾಕೇಂದ್ರದವನು ಬೇಕು. ಒಲೆಯ ಮಾದರಿಯ ಸಂಖ್ಯೆಯನ್ನು ಫೋನಿನಲ್ಲೇ ಕೇಳಿ, ತಕ್ಕ ಬಿಡಿಭಾಗವನ್ನು ಜೊತೆಗೆ ತರುವವನಾದರೆ ಇನ್ನೂ ಒಳ್ಳೆಯದು, ಏಕೆಂದರೆ ಚಿಕ್ಕಮಗಳೂರಿಗಾದರೂ ಕಡೂರಿನಿಂದ ಸುಮಾರು 40 ಕಿಲೋಮೀಟರ್ ಮತ್ತೆ ಓಡಬೇಕು. ಓವನಿಗೆ ಮನೆಯ 230 ವೋಲ್ಟಿನ ವಿದ್ಯುತ್ತೂ ಬರುವುದರಿಂದ ಅವನು ಭೂಸಂಪರ್ಕವನ್ನು ಪರೀಕ್ಷಿಸುವುದನ್ನು ಗಮನಿಸಿ. ಕಿತ್ತಳೆ ಬಣ್ಣದ 'ಸುರಕ್ಷಾ' ಪೈಪಿನ ಮೇಲೆ ಅಚ್ಚಾದ ವರ್ಷವನ್ನು ಅವನು ಓದದಿದ್ದರೆ ನೀವೇ ಓದಿ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂಬುದು ತೈಲ ಕಂಪೆನಿಗಳ ಸೂಚನೆ.

ಹಣ ಕೊಡುವ ಮುನ್ನ ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗವೊಂದಿದೆ. ಎರಡು ಲೀಟರ್ ನೀರನ್ನು ಮುಚ್ಚಳವಿರುವ ಪಾತ್ರೆಯಲ್ಲಿ ದೊಡ್ಡ ಬರ್ನರಿನ ಮೇಲಿಡಿ. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು ಹೆಚ್ಚುಕಡಮೆ 97 ಡಿಗ್ರಿಯಲ್ಲಿ. 25 ಡಿಗ್ರಿಯಿಂದ ಅಲ್ಲಿಗೆ ಏರಿಸಲು 600 ಕಿಲೋಜೌಲ್ ಶಾಖ ಸಾಕು. ಗಂಟೆಗೆ 150 ಗ್ರಾಂ ಅನಿಲವನ್ನು ಉರಿಸುವ ಬರ್ನರಾದರೆ, ಗ್ರಾಮಿಗೆ 46 ಕಿಲೋಜೌಲಿನಂತೆ ಅದರಿಂದ ಸೆಕೆಂಡಿಗೆ ಸುಮಾರು 1.9 ಕಿಲೋಜೌಲ್ ಹೊರಬೀಳುತ್ತದೆ. ಮನೆಯ ಒಲೆಗಳಿಗೆ ಭಾರತೀಯ ಮಾನಕವು ವಿಧಿಸಿರುವ ಕನಿಷ್ಠ ದಕ್ಷತೆ ಶೇಕಡಾ 68 ಆದುದರಿಂದ ಪಾತ್ರೆಗೆ ಸೇರಬೇಕಾದುದು 1.3 ಕಿಲೋಜೌಲ್. ಭಾಗಿಸಿದರೆ ಎಂಟು ನಿಮಿಷಕ್ಕೆ ತುಸು ಕಡಮೆ. ನಿಮ್ಮ ಬರ್ನರಿನ ಅನಿಲದ ಪ್ರಮಾಣ ಬೇರೆಯಾಗಿದ್ದರೆ ಒಲೆಯ ಕೈಪಿಡಿಯಲ್ಲಿ ನೋಡಿ ಲೆಕ್ಕವನ್ನು ತಿದ್ದಿಕೊಳ್ಳಿ. ಗಡಿಯಾರ ಹಿಡಿದು ಕುಳಿತಾಗ ನೀರು ಒಂಬತ್ತು ನಿಮಿಷದೊಳಗೆ ಕುದಿದು, ಪಾತ್ರೆಯ ತಳ ಮಸಿಯಿಲ್ಲದೆ ಹೊಳೆಯುತ್ತಿದ್ದರೆ ಕೇಳಿದ ಹಣವನ್ನು ಕೊಡಿ. ಹನ್ನೆರಡು ನಿಮಿಷ ಹಿಡಿದರೆ, ಅವನು ಚೀಲ ಕಟ್ಟುವ ಮೊದಲೇ ಗಡಿಯಾರವನ್ನು ತೋರಿಸಿ.